ಹಳೆಯ ಯೆಜ್ಡಿಯ ಶಕ್ತಿವರ್ಧನೆ

ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅದರ ಯೆಜ್ಡಿ ಮೋಟಾರ್ ಸೈಕಲ್ಲುಗಳು ಇಂದಿಗೂ ಓಡುತ್ತಿವೆ. ಇಂತಹ ಹಳೆಯ ವಾಹನವನ್ನು ಕೊಂಡು ಸವಾರಿ ಕಲಿಯುವ ತರುಣನು ಮೊದಲು ಬಯಸುವುದು ವೇಗವನ್ನು. ಆದರೆ ಹೊಸ ಶಕ್ತಿಯನ್ನು ಅರಸುವ ಮುನ್ನ ಕುಂದಿದ ಶಕ್ತಿಯನ್ನು ಮರಳಿ ಪಡೆಯುವುದೇ ಯುಕ್ತವಾದ ಕ್ರಮ.

ಇದು ಟೂ ಸ್ಟ್ರೋಕ್ ಯಂತ್ರ. ಪೆಟ್ರೋಲಿನೊಡನೆ ಬೆರೆತ ಎಣ್ಣೆಯೂ ಉರಿಯುವುದರಿಂದ ಹೊಗೆ ಹೊರಬೀಳುವ ರಂಧ್ರದಲ್ಲಿಯೂ ಸೈಲೆನ್ಸರಿನಲ್ಲಿಯೂ ಇಂಗಾಲದ ಕರಿ ಕಟ್ಟುತ್ತದೆ. ಹಳೆಯ ಹೊಗೆ ಸರಾಗವಾಗಿ ಹೊರಡದಿದ್ದರೆ ಹೊಸ ಮಿಶ್ರಣವು ಸಿಲಿಂಡರನ್ನು ಪೂರ್ಣವಾಗಿ ತುಂಬಲಾರದು. ಆ ಕರಿಯನ್ನು ಕೆರೆದು ತೆಗೆಯುವುದೇ ಮೊದಲ ಸುಧಾರಣೆ. ಬಳಿಕ ಪ್ಲಗ್ಗಿನ ಸಂದನ್ನು ಸುಮಾರು 0.6 ಮಿ.ಮೀ.ಗೆ, ಕಾಂಟ್ಯಾಕ್ಟ್ ಪಾಯಿಂಟಿನ ಸಂದನ್ನು 0.4 ಮಿ.ಮೀ.ಗೆ ಹೊಂದಿಸಬೇಕು.

ಜಮಖಂಡಿ, ಮುಧೋಳ, ಬೀಳಗಿಗಳ ಎರೆಮಣ್ಣಿನ ಧೂಳಿನಲ್ಲಿ ಏರ್ ಫಿಲ್ಟರನ್ನು ಆಗಾಗ ಸ್ವಚ್ಛಗೊಳಿಸುವುದು ಅವಶ್ಯ. ವೇಗದ ಆಸೆಯಿಂದ ಅದನ್ನೇ ಕಿತ್ತೊಗೆದರೆ ಧೂಳು ಪಿಸ್ಟನ್ನನ್ನೂ ಸಿಲಿಂಡರನ್ನೂ ಸವೆಸುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಬ್ರೇಕು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಗುವ ರಸ್ತೆಯಲ್ಲಿ ನಿಲ್ಲಲಾರದ ವೇಗವು ಪ್ರಾಣಾಂತಿಕ. ಸವೆದ ಬ್ರೇಕ್ ಲೈನರುಗಳನ್ನೂ ಟೈರುಗಳನ್ನೂ ಮೊದಲು ಬದಲಿಸತಕ್ಕದ್ದು. ರಬಕವಿ-ಬನಹಟ್ಟಿಯ ನೇಕಾರನು ಮಗ್ಗವನ್ನು ನಡೆಸುವ ಮುನ್ನ ಹಾಸಿನ ಎಳೆಗಳ ಬಿಗಿಯನ್ನು ಪರೀಕ್ಷಿಸುವನು. ಯಂತ್ರವನ್ನು ನಡೆಸುವವನಿಗೂ ಅದೇ ಎಚ್ಚರ ಬೇಕು. ಅದೂ ಕಾಯಕದ ಶಿಸ್ತೇ ಆಗಿದೆ.