ಗೇರಾ, ಆಟೋಮ್ಯಾಟಿಕ್ಕಾ? ಮೊದಲು ಫಾರಂ 22 ಕೇಳಿ

ನನ್ನ ಅಕ್ಕನ ಮಗನಿಗೆ ಶಿಡ್ಲಘಟ್ಟದ ಹತ್ತಿರ ಎರಡು ಎಕರೆ ಹಿಪ್ಪುನೇರಳೆ ತೋಟವಿದೆ. ಬೆಳೆಗೆ ಇನ್ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ಒಂದು ಮೊಟ್ಟೆ ಎನ್ನುತ್ತಾರೆ) ರೇಷ್ಮೆ ಹುಳ ಸಾಕುತ್ತಾನೆ. ನಂದಿ ಬೆಟ್ಟದ ತಪ್ಪಲಿನ ಯಾವುದೋ ರೆಸಾರ್ಟಿನಲ್ಲಿ ಸ್ನೇಹಿತರ ಜತೆ ಎಟಿವಿ ಓಡಿಸಿ ಬಂದ ಮೇಲೆ ಅವನಿಗೆ ಬೇರೆ ಯಾವ ಗಾಡಿಯೂ ಕಣ್ಣಿಗೆ ಹಿಡಿಸಲಿಲ್ಲ. ನಾಲ್ಕು ದಪ್ಪ ಟೈರು, ಬೈಕಿನ ಹ್ಯಾಂಡಲ್ಲು, ಹಳ್ಳ ದಿಣ್ಣೆ ಯಾವುದನ್ನೂ ಲೆಕ್ಕಿಸದ ಓಟ. "ಮಾವ, ತೋಟಕ್ಕೆ ಇದೇ ಸರಿ. ಸೊಪ್ಪೂ ತರ್ಬೋದು, ಗೊಬ್ಬರಾನೂ ಸಾಗಿಸ್ಬೋದು. ಗೇರಿಂದು ತಗೊಳ್ಳಲಾ, ಆಟೋಮ್ಯಾಟಿಕ್ ತಗೊಳ್ಳಲಾ, ಅಷ್ಟು ಹೇಳು" ಅಂದ. ಸ್ವಲ್ಪ ದಿನದಲ್ಲೇ ಚಿಕ್ಕಬಳ್ಳಾಪುರದ ಪರಿಚಯಸ್ಥರೊಬ್ಬರು ಅದೇ ಪ್ರಶ್ನೆ ಹಿಡಿದು ಬಂದರು. ಅವರಿಗೆ ಬೇಕಿದ್ದದ್ದು ತಮ್ಮ ಜಮೀನಿನಲ್ಲಿ ಪ್ರವಾಸಿಗರಿಗೆ ಸವಾರಿ ಮಾಡಿಸಿ ದುಡ್ಡು ಮಾಡುವುದಕ್ಕೆ. ಇಬ್ಬರಿಗೂ ನಾನು ಒಂದೇ ಉತ್ತರ ಕೊಡಲಿಲ್ಲ.

ಗೇರಿನ ಮಾತಿಗೆ ಮುಂಚೆ ಕಾಗದಪತ್ರದ ಮಾತು. ಅಳಿಯನ ಜತೆ ಬೆಂಗಳೂರಿನ ಒಂದು ಶೋರೂಂಗೆ ನಾನೂ ಹೋಗಿದ್ದೆ. ಮಾರುವ ಹುಡುಗ ಎಂಜಿನ್ ಎಷ್ಟು ಸಿಸಿ, ಬಣ್ಣ ಎಷ್ಟು ಬಗೆ ಎಂದೆಲ್ಲ ಹೇಳಿ ಮುಗಿಸಿದ ಮೇಲೆ "ಫಾರಂ 22 ಕೊಡ್ತೀರಾ?" ಅಂತ ಕೇಳಿದೆ. "ಇದಕ್ಕೆ ಅದೆಲ್ಲ ಬೇಡ ಸಾರ್, ತೋಟದಲ್ಲಿ ಓಡ್ಸೋದು ತಾನೆ?" ಅಂದ. ವಾಹನ ರಸ್ತೆಗೆ ಯೋಗ್ಯ ಎಂದು ತಯಾರಿಸಿದ ಕಂಪನಿಯೇ ಬರೆದುಕೊಡುವ ಪತ್ರ ಫಾರಂ 22. ಅದೂ, ಮಾರಾಟದ ಪತ್ರವಾದ ಫಾರಂ 21 ಕೂಡ ಇಲ್ಲದೆ ಹೊಸ ಗಾಡಿ ಆರ್‌ಟಿಒ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ. ನಮ್ಮಲ್ಲಿ ಮಾರುವ ಎಟಿವಿಗಳಲ್ಲಿ ಹೆಚ್ಚಿನವು ಹೀಗೆ ಕಾಗದವಿಲ್ಲದವು. ಚಿಕ್ಕಬಳ್ಳಾಪುರದ ಕೆಎ-40 ಆಗಲಿ, ಚಿಂತಾಮಣಿಯ ಕೆಎ-67 ಆಗಲಿ, ಅವಕ್ಕೆ ನಂಬರ್ ಪ್ಲೇಟ್ ಸಿಗದು. ಬೇಲಿಯೊಳಗಿನ ಸ್ವಂತ ಜಾಗದ ಮಾತು ಬೇರೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ಜಾಗಕ್ಕೆ ಇಳಿಯುವಂತಿಲ್ಲ, ಇಳಿಯುವ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಅಳಿಯನ ಹುಳದ ಮನೆ ಊರಲ್ಲಿದೆ, ತೋಟ ಊರಾಚೆ. ನಡುವೆ ಪಂಚಾಯಿತಿ ರಸ್ತೆ.

ದುಡ್ಡಿನ ದೃಷ್ಟಿಯಿಂದ ಆರ್‌ಸಿ ಇಲ್ಲದಿರುವುದು ಪೊಲೀಸ್ ದಂಡಕ್ಕಿಂತ ದೊಡ್ಡ ಹೊಡೆತ. ವಾಹನ ಸಾಲ ಕೊಡುವ ಬ್ಯಾಂಕು ಆರ್‌ಸಿಯಲ್ಲಿ ತನ್ನ ಹೆಸರಿಗೆ ಹೈಪಾಥಿಕೇಷನ್ ಬರೆಸಿಕೊಳ್ಳುತ್ತದೆ. ಆರ್‌ಸಿಯೇ ಇಲ್ಲದ ಮೇಲೆ ಬರೆಯುವುದೆಲ್ಲಿ? ಆಗ ಉಳಿಯುವುದು ಪರ್ಸನಲ್ ಲೋನು ಇಲ್ಲವೇ ಮನೆಯ ಹೆಂಗಸರ ಒಡವೆ. ನಾಳೆ ಮಾರಬೇಕೆಂದರೆ ಕೊಳ್ಳುವವನ ಹೆಸರಿಗೆ ವರ್ಗಾಯಿಸಲು ಏನೂ ಇರುವುದಿಲ್ಲ, ಅವನು ಕೇಳಿದ ಬೆಲೆಗೆ ಕೊಡಬೇಕು. ಆರ್‌ಸಿ ಆಗುವ ಎಟಿವಿಯೂ ಇಲ್ಲದಿಲ್ಲ. 2020ರಲ್ಲಿ ಪೋಲಾರಿಸ್ ಕಂಪನಿ ತನ್ನ ಸ್ಪೋರ್ಟ್ಸ್‌ಮನ್ 570 ಎಟಿವಿಗೆ ಟ್ರ್ಯಾಕ್ಟರ್ ವರ್ಗದಲ್ಲಿ ಅನುಮೋದನೆ ಪಡೆದು, ರಸ್ತೆಗೂ ಇಳಿಸಬಹುದಾದ ಗಾಡಿಯಾಗಿ ಮಾರಾಟಕ್ಕೆ ಬಿಟ್ಟಿತು. ಆಗಿನ ಶೋರೂಂ ಬೆಲೆಯೇ ಎಂಟು ಲಕ್ಷದ ಆಸುಪಾಸು.

ಎಂಟು ಲಕ್ಷ ಅಂದರೆ ನಮ್ಮ ಕಡೆ ಎಷ್ಟು? ನೂರಕ್ಕೆ ಹದಿನಾಲ್ಕರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 18,600 ರೂಪಾಯಿ. ಕಟ್ಟಿ ಮುಗಿಸುವಷ್ಟರಲ್ಲಿ ಹನ್ನೊಂದು ಲಕ್ಷ ದಾಟುತ್ತದೆ. ಇನ್ನು ಹುಳದ ಲೆಕ್ಕ. ನೂರು ಮೊಟ್ಟೆಗೆ ಎಪ್ಪತ್ತು ಕಿಲೋ ಗೂಡು ಎಂದರೆ ಒಳ್ಳೆಯ ಬೆಳೆ. ಇನ್ನೂರಕ್ಕೆ ನೂರನಲವತ್ತು ಕಿಲೋ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಧಾರಣೆ ದಿನಕ್ಕೊಂದು ಥರ, ಲೆಕ್ಕಕ್ಕೆ ಕಿಲೋಗೆ ಐನೂರು ಇಟ್ಟುಕೊಂಡರೆ 70,000. ವರ್ಷಕ್ಕೆ ಐದಾರು ಬೆಳೆ ಅಂದರೆ ಎರಡು ತಿಂಗಳಿಗೊಂದು. ಆ ಎರಡು ತಿಂಗಳ ಕಂತು 37,200. ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಡಿಗೇ ಹೋಯಿತು. ಚಾಕಿ (ಎಳೆ ಹುಳ), ಕೂಲಿ, ಗೊಬ್ಬರ, ಬೋರ್‌ವೆಲ್ ರಿಪೇರಿ, ಮನೆ ಖರ್ಚು ಎಲ್ಲ ಮಿಕ್ಕಿದ್ದರಲ್ಲಿ ಆಗಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅಳಿಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆದ್ರೂ ಗೇರು ಯಾವ್ದು ಒಳ್ಳೇದು ಮಾವ?" ಅಂದ.

ಸರಿ, ಗೇರು. ಎಟಿವಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಬೈಕಿನಂತೆ ಎಡಗೈಗೆ ಕ್ಲಚ್, ಎಡಗಾಲಿಗೆ ಗೇರು ಇರುವುದು ಒಂದು, ಹೆಚ್ಚಾಗಿ ರೇಸಿನ ಮಾದರಿಗಳಲ್ಲಿ ಕಾಣುತ್ತದೆ. ಕಾಲಿನಲ್ಲಿ ಗೇರು ಬದಲಿಸಿದರೂ ಕ್ಲಚ್ ಹಿಡಿಯುವ ಗೋಜಿಲ್ಲದ್ದು ಇನ್ನೊಂದು. ಹಿಂದೆ ಹೀರೊ ಹೋಂಡಾ ಸ್ಟ್ರೀಟ್ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಮೂರನೆಯದು ಪೂರಾ ಆಟೋಮ್ಯಾಟಿಕ್. ಈಗಿನ ಸ್ಕೂಟರುಗಳಲ್ಲಿ ಇರುವ ಹಾಗೆ ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟು. ಎಂಜಿನ್ ಜೋರಾದಂತೆ ಮುಂದಿನ ಪುಲ್ಲಿಯ ಎರಡು ಹೋಳುಗಳು ಹತ್ತಿರವಾಗುತ್ತವೆ, ಬೆಲ್ಟು ಅಂಚಿನ ಕಡೆ ಏರುತ್ತದೆ, ಗಾಡಿಯ ವೇಗ ತಾನಾಗಿ ಹೆಚ್ಚುತ್ತದೆ. ದೊಡ್ಡ ಎಟಿವಿಗಳಲ್ಲಿ ಬಹುಪಾಲು ಇದೇ.

ಈ ಬೆಲ್ಟು ಬರಿಗಾಡಿಗೆ ಚೆನ್ನ. ಭಾರ ಎಳೆದುಕೊಂಡು ನಿಧಾನವಾಗಿ ಹೋಗುವಾಗ ಅದು ಪುಲ್ಲಿಯ ಮೇಲೆ ಜಾರತೊಡಗುತ್ತದೆ. ಜಾರಿದಷ್ಟೂ ಕಾಯುತ್ತದೆ, ಕಾದಷ್ಟೂ ಹಿಡಿತ ಬಿಡುತ್ತದೆ, ಕೊನೆಗೊಂದು ದಿನ ಹರಿಯುತ್ತದೆ. ಅದಕ್ಕೆಂದೇ ಅವುಗಳಲ್ಲಿ ಭಾರದ ಕೆಲಸಕ್ಕೆ ಲೋ ಅಂತ, ಓಟಕ್ಕೆ ಹೈ ಅಂತ ಎರಡು ಕೊಟ್ಟಿರುತ್ತಾರೆ. ಓಡಿಸುವವರಲ್ಲಿ ಎಷ್ಟು ಜನ ಲೋಗೆ ಹಾಕುತ್ತಾರೆ? ಬೆಲ್ಟಿನ ಮನೆಗೆ ನೀರು ನುಗ್ಗಿದರೂ ಜಾರುತ್ತದೆ, ನಮ್ಮ ಕೆಮ್ಮಣ್ಣಿನ ಧೂಳು ಸೇರಿದರೆ ಸವೆಯುತ್ತದೆ. ಇಳಿಜಾರಿನಲ್ಲಿ ಎಂಜಿನ್ನೇ ವೇಗ ತಗ್ಗಿಸುವ ವ್ಯವಸ್ಥೆ ಇರುವ ಮಾದರಿಯನ್ನೇ ಕೇಳಬೇಕು. ಇಲ್ಲದಿದ್ದರೆ ದಿಬ್ಬ ಇಳಿಯುವಾಗ ಪೂರಾ ಭಾರ ಬ್ರೇಕಿನ ಮೇಲೆ.

ಹಾಗಂತ ಗೇರಿನ ಗಾಡಿ ಅಮೃತ ಕುಡಿದು ಬಂದಿಲ್ಲ. ಗೌರಿಬಿದನೂರಿನ ಕಡೆ ಮುಸುಕಿನ ಜೋಳ ಬೆಳೆಯುವ ನಮ್ಮ ದೊಡ್ಡಪ್ಪನ ಮಗನ ಟ್ರ್ಯಾಕ್ಟರಿಗೆ ಕ್ಲಚ್ ಪ್ಲೇಟು ಹಾಕಿಸುವುದು ಅವನ ಮನೆಯ ಖಾಯಂ ಖರ್ಚಾಗಿತ್ತು. ಟ್ರ್ಯಾಕ್ಟರಿನ ದೋಷವೇನಿರಲಿಲ್ಲ. ಡ್ರೈವರ್ ಹುಡುಗ ಸಾಲಿನ ಕೊನೆವರೆಗೂ ಕ್ಲಚ್ ಪೆಡಲಿನ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ಡ್ರೈವರ್ ಬದಲಾದ, ಖರ್ಚು ನಿಂತಿತು. ಗೇರಿನ ಗಾಡಿಯ ಆಯುಸ್ಸು ಓಡಿಸುವವನ ಕಾಲಿನಲ್ಲಿದೆ, ಬೆಲ್ಟಿನ ಗಾಡಿಯದು ಹೊರಿಸುವ ಭಾರದಲ್ಲಿ. ನಿಮ್ಮ ಮನೆಯಲ್ಲಿ ಯಾರು ಓಡಿಸುತ್ತಾರೆ, ಏನು ಹೊರಿಸುತ್ತಾರೆ ಅನ್ನುವುದು ನಿಮಗೇ ಗೊತ್ತಿರುವ ವಿಷಯ, ಅದನ್ನು ಶೋರೂಂನವನು ಹೇಳಲಾರ.

ನಂಬಿಕೆಯ ಗಾಡಿ ಎಂದು ನಾನು ಯಾವುದನ್ನು ಕರೆಯುತ್ತೇನೆ ಎಂಬುದನ್ನೂ ಹೇಳಿಬಿಡುತ್ತೇನೆ. ನೂರು ಮೊಟ್ಟೆ ಹುಳ ಬೆಳೆಯಿಡೀ ಸುಮಾರು ಒಂದು ಟನ್ ಸೊಪ್ಪು ತಿನ್ನುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ಏಳೆಂಟು ದಿನದಲ್ಲೇ. ಇನ್ನೂರು ಮೊಟ್ಟೆಯವನು ಆ ವಾರ ದಿನಕ್ಕೆ ಇನ್ನೂರು ಕಿಲೋ ಮೇಲೆ ಸೊಪ್ಪು ಸಾಗಿಸಬೇಕು. ಆ ವಾರ ಗಾಡಿ ನಿಂತರೆ ಹುಳ ಕಾಯುವುದಿಲ್ಲ, ಗೂಡು ಹಗುರಾಗುತ್ತದೆ, ಮಾರುಕಟ್ಟೆಯಲ್ಲಿ ಅದರ ಬೆಲೆ ತಕ್ಷಣ ಕಾಣುತ್ತದೆ. ಆದ್ದರಿಂದ ವರ್ಷಕ್ಕೆ ಎಷ್ಟು ಸಲ ಕೆಟ್ಟಿತು ಅನ್ನುವುದನ್ನು ನಾನು ಕೇಳುವುದಿಲ್ಲ. ಕೆಟ್ಟ ದಿನ ಸಂಜೆಯೊಳಗೆ ಸರಿಹೋಗುತ್ತದಾ ಅಂತ ಕೇಳುತ್ತೇನೆ. ಟ್ರ್ಯಾಕ್ಟರಿನ ಕ್ಲಚ್ ಪ್ಲೇಟು, ಬೇರಿಂಗು, ಆಯಿಲ್ ಸೀಲು ಚಿಂತಾಮಣಿಯಲ್ಲಿ ಸಿಗುತ್ತವೆ, ಹಾಕುವ ಮೇಸ್ತ್ರಿಯೂ ಸಿಗುತ್ತಾನೆ. ಎಟಿವಿಯ ಬೆಲ್ಟು ಬೆಂಗಳೂರಿಂದ ಬರಬೇಕು, ಅಲ್ಲಿ ಸ್ಟಾಕ್ ಇಲ್ಲದಿದ್ದರೆ ಇನ್ನೂ ದೂರದಿಂದ.

ಹೊರುವ ಶಕ್ತಿಯ ಲೆಕ್ಕವೂ ಅಷ್ಟೇನೂ ದೊಡ್ಡದಲ್ಲ. ಸ್ಪೋರ್ಟ್ಸ್‌ಮನ್ 570ರ ಮುಂದಿನ ಮತ್ತು ಹಿಂದಿನ ಕ್ಯಾರಿಯರ್ ಸೇರಿ ಸುಮಾರು 120 ಕಿಲೋ. ಟೊಮೆಟೊ ಲೆಕ್ಕದಲ್ಲಿ ಹದಿನೈದು ಕಿಲೋದ ಎಂಟು ಬಾಕ್ಸು. ಹೆಚ್ಚು ಬೇಕೆಂದರೆ ಹಿಂದೆ ಟ್ರೇಲರ್ ಕಟ್ಟಬೇಕು, ಕಟ್ಟಿದರೆ ಮತ್ತೆ ಆ ಬೆಲ್ಟಿನ ಕಥೆ. ಅಗಲ ನಾಲ್ಕು ಅಡಿ. ಈಗ ಹಿಪ್ಪುನೇರಳೆಯನ್ನು ಜೋಡಿಸಾಲಿನಲ್ಲಿ ನೆಡುತ್ತಾರಲ್ಲ, ಮೂರಡಿ ಒಂದು ಸಾಲು, ಐದಡಿ ಒಂದು ಸಾಲು ಬಿಟ್ಟು. ಆ ಐದಡಿಯಲ್ಲಿ ಕಟಾವಾದ ಹೊಸದರಲ್ಲಿ ತೂರುತ್ತದೆ, ಸೊಪ್ಪು ಬಲಿತಾಗ ಎರಡೂ ಕಡೆ ಕೊಂಬೆ ಮುರಿದುಕೊಂಡು ಹೋಗುತ್ತದೆ.

ವಿಚಿತ್ರವೆಂದರೆ ನಮ್ಮ ಸುತ್ತಮುತ್ತಲ ತಾಲ್ಲೂಕುಗಳಲ್ಲಿ ನಾನು ಕಂಡ ಅತ್ಯಂತ ನಂಬಿಕಸ್ಥ ಗಾಡಿಯೂ ಆಟೋಮ್ಯಾಟಿಕ್ಕೇ. ಟಿವಿಎಸ್ ಎಕ್ಸೆಲ್. ಹೊಸೂರಿನಲ್ಲಿ 1980ರಲ್ಲಿ ಶುರುವಾದ ಟಿವಿಎಸ್ 50ರ ವಂಶದ್ದು. ಗೇರು ಒಂದೇ, ಕ್ಲಚ್ ತಾನಾಗಿ ಹಿಡಿಯುತ್ತದೆ, ಪುಲ್ಲಿ ಬೆಲ್ಟಿನ ರಗಳೆಯಿಲ್ಲ, ಹಿಂದಿನ ಚಕ್ರಕ್ಕೆ ಚೈನು. ಈಗಿನದಕ್ಕೆ ನೂರು ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಶೋರೂಂ ಬೆಲೆ ಐವತ್ತು ಅರವತ್ತು ಸಾವಿರದ ಆಚೀಚೆ. ನಮ್ಮಪ್ಪ ಸೊಪ್ಪಿನ ಹೊರೆ ಹೇರಿಕೊಂಡು ಬರುತ್ತಿದ್ದದ್ದು ಇದರ ಮೇಲೆಯೇ, ಅಕ್ಕ ಓಡಿಸಲು ಕಲಿತದ್ದೂ ಇದರಲ್ಲೇ. ಗೂಡು ಮೂಟೆ ಕಟ್ಟಿ ಮುಂದೆ ಒಂದು, ಹಿಂದೆ ಎರಡು ಇಟ್ಟುಕೊಂಡು ಮಾರುಕಟ್ಟೆಗೆ ಬರುವವರನ್ನು ಶಿಡ್ಲಘಟ್ಟದಲ್ಲಿ ಬೆಳಗ್ಗೆ ನಿಂತು ನೋಡಿದರೆ ಎಂಥ ಎಟಿವಿ ಜಾಹೀರಾತೂ ಸಪ್ಪೆ ಅನ್ನಿಸುತ್ತದೆ. ಇದನ್ನು ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ನಮ್ಮ ಹೋಬಳಿಗಳಲ್ಲಿ ಇಲ್ಲ.

ಉಳುಮೆಗೆ ಎಕ್ಸೆಲ್ ಆಗುವುದಿಲ್ಲ, ನಿಜ. ಎಟಿವಿಯೂ ಆಗುವುದಿಲ್ಲ. ರೋಟವೇಟರ್ ಬಾಡಿಗೆ ಗಂಟೆಗೆ ಸಾವಿರ ಅಂತ ಹಿಡಿದರೂ ಆ 18,600ಕ್ಕೆ ತಿಂಗಳಿಗೆ ಹದಿನೆಂಟು ಗಂಟೆ ಉಳುಮೆ ಮಾಡಿಸಬಹುದು. ಎರಡು ಎಕರೆಗೆ ಅಷ್ಟು ಉತ್ತರೆ ಗಿಡವೇ ಉಳಿಯಲಿಕ್ಕಿಲ್ಲ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲೂ ಯಂತ್ರ ಬಾಡಿಗೆಗೆ ಸಿಗುತ್ತದೆ. ಸ್ವಂತದ್ದೇ ಬೇಕು ಅನ್ನುವವರು ಪವರ್ ಟಿಲ್ಲರ್, ಮಿನಿ ಟ್ರ್ಯಾಕ್ಟರ್ ನೋಡಲಿ. ಕೃಷಿ ಇಲಾಖೆಯ ಸಹಾಯಧನಕ್ಕೆ ಎಫ್‌ಐಡಿ ಎಂಬ ರೈತ ನೋಂದಣಿ ಸಂಖ್ಯೆ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಬಹುದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಅವೆಲ್ಲ ಗೇರಿನವು; ಟ್ರ್ಯಾಕ್ಟರಿಗೆ ಆರ್‌ಸಿಯೂ ಇರುತ್ತದೆ, ಸಾಲಕ್ಕೂ ಮರುಮಾರಾಟಕ್ಕೂ ದಾರಿ ಇರುತ್ತದೆ. ಅಳಿಯನಿಗೆ ಹೇಳಿದ್ದು ಇಷ್ಟೇ: ಸೊಪ್ಪಿಗೆ ಎಕ್ಸೆಲ್, ಉಳುಮೆಗೆ ಬಾಡಿಗೆ, ಎಟಿವಿ ಬೇಡ.

ಚಿಕ್ಕಬಳ್ಳಾಪುರದ ಪರಿಚಯಸ್ಥರಿಗೆ ಬೇರೆ ಮಾತು ಹೇಳಿದೆ. ಅವರ ಗಾಡಿ ಬೇಲಿ ದಾಟುವುದಿಲ್ಲ, ಆದ್ದರಿಂದ ಆರ್‌ಸಿ ಪ್ರಶ್ನೆ ಅಷ್ಟು ಕಾಡದು. ನಂದಿಗೆ ಬರುವವರು ಮೊದಲೇ ಇದ್ದರು, 2023ರ ಸಂಕ್ರಾಂತಿಯಂದು ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲೆ ಶನಿವಾರ, ಭಾನುವಾರದ ಗಾಡಿಗಳ ಸಾಲು ಇನ್ನೂ ಉದ್ದವಾಗಿದೆ. ಆ ಗಿರಾಕಿಗಳಲ್ಲಿ ಹೆಚ್ಚಿನವರು ಎಟಿವಿ ಹತ್ತುವುದು ಅದೇ ಮೊದಲು. ಅವರ ಕೈಗೆ ಕ್ಲಚ್ ಕೊಟ್ಟರೆ ಒಂದೇ ತಿಂಗಳಿಗೆ ಪ್ಲೇಟು ಕರಕಲು. ಇಲ್ಲಿ ಆಟೋಮ್ಯಾಟಿಕ್ಕೇ ಸರಿ, ಸಣ್ಣ ಎಂಜಿನ್ನಿನದು, ವೇಗಕ್ಕೆ ಮಿತಿ ಹಾಕುವ ಸ್ಕ್ರೂ ಇರುವುದು. ಭಾರ ಬರೀ ಸವಾರನದು, ಬೆಲ್ಟು ಬಾಳುತ್ತದೆ. ಹೇಗೂ ಒಂದು ಬೆಲ್ಟು, ಎರಡು ಏರ್ ಫಿಲ್ಟರ್ ಕಪಾಟಿನಲ್ಲಿಟ್ಟುಕೊಂಡೇ ಅಂಗಡಿ ತೆರೆಯಲಿ. ಎಟಿವಿಯ ದೊಡ್ಡ ಅಪಾಯ ಉರುಳುವುದು. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಜಮೀನಿನ ಕೆಲಸಕ್ಕೆ ಮಾರುವ ಹೊಸ ಗಾಡಿಗಳಿಗೆ ಉರುಳಿದಾಗ ಸವಾರನನ್ನು ಕಾಯುವ ಚೌಕಟ್ಟು ಕಡ್ಡಾಯ ಮಾಡಿದ್ದಾರೆ. ಇಲ್ಲಿ ಅಂಥ ನಿಯಮಕ್ಕೆ ಕಾಯದೆ ಸಮತಟ್ಟು ಜಾಗದಲ್ಲೇ ದಾರಿ ಮಾಡಿ, ಹೆಲ್ಮೆಟ್ ಹಾಕಿಸಿ, ಪಬ್ಲಿಕ್ ಲಯಬಿಲಿಟಿ ವಿಮೆ ಮಾಡಿಸಿ ಎಂದೆ. ವಿಮೆಯ ಕಂತು ಸೇರಿಸಿ, ಸೋಮವಾರದಿಂದ ಶುಕ್ರವಾರದವರೆಗೆ ಗಾಡಿ ಸುಮ್ಮನೆ ನಿಲ್ಲುವುದನ್ನೂ ಸೇರಿಸಿ ಲೆಕ್ಕ ಹಾಕಿದ ಮೇಲೂ ಲಾಭ ಕಂಡರೆ ಮಾತ್ರ ಮುಂದುವರಿಯಬೇಕು.

ಯಾರಾದರೂ ಎಟಿವಿ ನೋಡಲು ಹೊರಟಿದ್ದರೆ ಒಂದು ವಿನಂತಿ. ಸೀಟಿನ ಮೇಲೆ ಕೂರುವ ಮುಂಚೆ ಎರಡು ಪ್ರಶ್ನೆ ಕೇಳಿ: ಫಾರಂ 22 ಕೊಡುತ್ತೀರಾ, ಬೆಲ್ಟು ಹರಿದರೆ ಎಷ್ಟು ದಿನಕ್ಕೆ ಸಿಗುತ್ತದೆ. ಎರಡಕ್ಕೂ ಉತ್ತರವನ್ನು ಕೊಟೇಷನ್ ಮೇಲೆಯೇ ಬರೆಸಿಕೊಂಡು ಮನೆಗೆ ಬನ್ನಿ, ಮುಂಗಡ ಕೊಡುವುದು ಆಮೇಲೆ.