ಒಂಬತ್ತು ತಿಂಗಳ ಪಗಾರ, ಹನ್ನೆರಡು ತಿಂಗಳ ಬಾಡಿಗೆ

"ಪಗಾರ ಎಷ್ಟಂತ ಆಮ್ಯಾಗ ಕೇಳು, ವರ್ಷಕ್ಕ ಎಷ್ಟು ತಿಂಗಳು ಬರ್ತದ, ಅದ ಮೊದಲು ಕೇಳು." 2019ರಲ್ಲಿ ಪದವಿ ಕಾಲೇಜೊಂದಕ್ಕೆ ಸಂಗೀತದ ಅತಿಥಿ ಉಪನ್ಯಾಸಕನಾಗಿ ಹೊರಟಾಗ, ಕಲಬುರಗಿಯ ಮೋಮಿನಪುರದ ಬಾಡಿಗೆ ಮನೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಅಮ್ಮಿ ಹೇಳಿದ ಮಾತಿದು. ನಾನು ಕೇಳಲಿಲ್ಲ. ಕಾಲೇಜಿನಲ್ಲಿ ಖಯಾಲ್ ಕಲಿಸುವ ಸಂತೋಷದಲ್ಲಿ 11 ಸಾವಿರವೇ ದೊಡ್ಡದಾಗಿ ಕಂಡಿತ್ತು.

ಆ ವರ್ಷ ನನಗೆ ಸಿಕ್ಕಿದ್ದು 9 ತಿಂಗಳ ಕೆಲಸ. 11 ಸಾವಿರದಂತೆ 99 ಸಾವಿರ. 12 ತಿಂಗಳಿಗೆ ಹಂಚಿದರೆ 8,250. ಮನೆ ಬಾಡಿಗೆ 5 ಸಾವಿರ. ಭವಿಷ್ಯ ನಿಧಿ ಇಲ್ಲ, ರಜೆಯ ಸಂಬಳ ಇಲ್ಲ. ಕೆಲಸ ಒಪ್ಪುವ ಮೊದಲೇ ಈ ಲೆಕ್ಕ ಹಾಕಬೇಕಿತ್ತು.

ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ನೆಟ್ ಪಾಸಾದವರಿಗೆ ಆಗ 13 ಸಾವಿರ. ಎರಡು ಸಾವಿರಕ್ಕಾಗಿ ಪರೀಕ್ಷೆ ಏಕೆ ಎಂದುಕೊಂಡಿದ್ದೆ. 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು, ವಾರಕ್ಕೆ 15 ತಾಸು ಪಾಠ ಎಂದಿತು. ಐದು ವರ್ಷದೊಳಗಿನ ಸೇವೆಯವರಲ್ಲಿ ಅರ್ಹತೆ ಇದ್ದವರಿಗೆ 30 ಸಾವಿರ, ಇಲ್ಲದವರಿಗೆ 26 ಸಾವಿರ. ಹತ್ತು ತಿಂಗಳ ಕೆಲಸ ಸಿಕ್ಕರೆ ವರ್ಷಕ್ಕೆ 40 ಸಾವಿರದ ಅಂತರ. ಅಂದೇ ಪುಸ್ತಕ ತಂದೆ.

ಸಂಗೀತದ ನೆಟ್‌ನಲ್ಲಿ ಹಾಡುವ ಪ್ರಶ್ನೆಯೇ ಇಲ್ಲ. ಯಮನ್ ರಾಗವನ್ನು ಒಂದು ತಾಸು ಹಾಡಬಲ್ಲವನಿಗೆ ಶಾರ್ಙ್ಗದೇವನ ಸಂಗೀತ ರತ್ನಾಕರದ ಏಳು ಅಧ್ಯಾಯಗಳ ಕ್ರಮ ಗೊತ್ತಿರಲಿಲ್ಲ. ಎರಡನೆಯ ಸಲ ಪಾಸಾದೆ. ಅರ್ಜಿ, ಪುಸ್ತಕ, ಪ್ರಯಾಣ ಎಲ್ಲ ಸೇರಿ ನನಗಾದ ಖರ್ಚು 3,400 ರೂಪಾಯಿ. ನನ್ನ ಜೀವನದಲ್ಲಿ ಇಷ್ಟು ಬೇಗ ಮರಳಿ ಬಂದ ದುಡ್ಡು ಬೇರೆ ಇಲ್ಲ.

ಎಂ.ಎ. ಮತ್ತು ನೆಟ್ ಇಲ್ಲದ ಕಲಾವಿದರಿಗೂ ಒಂದು ದಾರಿ ಇದೆ, ಅದು ನಮ್ಮ ಊರಿನ ಹಲವರಿಗೆ ತಿಳಿದಿಲ್ಲ. ಯುಜಿಸಿಯ 2018ರ ನಿಯಮದಂತೆ ಪದವಿ ಮುಗಿಸಿ, ಹೆಸರಾಂತ ಗುರುವಿನ ಬಳಿ ಕಲಿತು, ಆಕಾಶವಾಣಿಯ 'ಎ' ಶ್ರೇಣಿ ಪಡೆದು, ಶಾಸ್ತ್ರವನ್ನು ವಿವರಿಸಿ ಕಲಿಸಬಲ್ಲ ಕಲಾವಿದರೂ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರು. ಆಕಾಶವಾಣಿ ಕೇಂದ್ರ ಕಲಬುರಗಿಯಲ್ಲೇ ಇದೆ. ಧ್ವನಿ ಪರೀಕ್ಷೆಗೆ ಅರ್ಜಿ ಹಾಕದೆ ಮದುವೆ ಕಾರ್ಯಕ್ರಮಗಳಲ್ಲೇ ವಯಸ್ಸು ಕಳೆದ ಒಳ್ಳೆಯ ಗಾಯಕರನ್ನು ಬಲ್ಲೆ, ನೆನೆದರೆ ಸಂಕಟವಾಗುತ್ತದೆ.

ಕಾಲೇಜಿನ ಕಾಯಂ ಹುದ್ದೆಗೆ ಮೂಲ ವೇತನ 57,700. ಆದರೆ ಸಂಗೀತಕ್ಕೆ ಹುದ್ದೆ ಕರೆಯುವುದೇ ಅಪರೂಪ. ಅದಕ್ಕೇ ಈಗ ಶಾಲೆಗಳ ಕಡೆಗೂ ನೋಡುತ್ತೇನೆ. ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಸಂಗೀತ ಶಿಕ್ಷಕರ ಮೂಲ ವೇತನ 35,400, ನವೋದಯದ ಸಂಗೀತ ಶಿಕ್ಷಕರದು 44,900. ಎಲ್ಲಿಗೆ ಬೇಕಾದರೂ ವರ್ಗವಾದೀತು, ಆದರೂ ಪಗಾರ ಹನ್ನೆರಡೂ ತಿಂಗಳು ಬರುತ್ತದೆ. ರಾಜ್ಯದ ಹುದ್ದೆಗೆ, ನಮ್ಮ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನು ಮೊದಲೇ ಮಾಡಿಸಿ ಇಟ್ಟುಕೊಂಡಿದ್ದೇನೆ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಕಚೇರಿಗೆ ಓಡಿದವರ ಪಾಡು ಕಂಡಿದ್ದೇನೆ.

ಅಲ್ಲಿಯವರೆಗೆ ಭಾನುವಾರ ಹುಮನಾಬಾದ್ ಬಸ್ ಹತ್ತಿ ಕಮಲಾಪುರಕ್ಕೆ ಹೋಗಿ ನಾಲ್ಕು ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತೇನೆ. ಕೆಂಪು ಬಾಳೆ ಬೆಳೆಯುವ ಮನೆಯವರು ಫಸಲು ಮಾರಿದ ಮೇಲೆ ಫೀಸನ್ನು ಒಟ್ಟಿಗೇ ಕೊಡುತ್ತಾರೆ. ಆ ದುಡ್ಡನ್ನು ಮುಟ್ಟುವುದಿಲ್ಲ. ಕಾಲೇಜಿನ ಗೌರವಧನದಿಂದಲೂ ಪ್ರತಿ ತಿಂಗಳು 3 ಸಾವಿರ ತೆಗೆದು ಅದರೊಂದಿಗೆ ಬೇರೆ ಖಾತೆಗೆ ಹಾಕುತ್ತೇನೆ. ಮನೆಯಲ್ಲಿ ಅದಕ್ಕೆ ಬೇಸಿಗೆ ಖಾತೆ ಎಂದೇ ಹೆಸರು. ಈ ಸಲ ಕಾಲೇಜು ಮುಚ್ಚಿದ ದಿನ ಅಮ್ಮಿ ಕನ್ನಡಕ ಹಾಕಿಕೊಂಡು ಪಾಸ್‌ಬುಕ್ ನೋಡಿದಳು. ಮೂರು ತಿಂಗಳ ಬಾಡಿಗೆ ಕಳೆದರೂ ಹಾರ್ಮೋನಿಯಮ್ಮಿನ ಹೊಸ ತಿದಿಗೆ ಸಾಕಾಗುವಷ್ಟು ಉಳಿದಿತ್ತು.