ದಿನಕ್ಕೊಂದು ಪದ: ಸುಳಿವು ಎಲ್ಲಿಯವರೆಗೆ, ಉತ್ತರ ಯಾವಾಗ?

ಹಿನ್ನೆಲೆ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ಮಕ್ಕಳಿಗೆ ವ್ಯಾಖ್ಯೆ ಬಾಯಿಪಾಠವಿರುತ್ತದೆ, ಪದ ನೆನಪಾಗುವುದಿಲ್ಲ. ಪದ ನೆನಪಾದರೆ ಒತ್ತಕ್ಷರ ತಪ್ಪುತ್ತದೆ. ತೇರದಾಳದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡುವಾಗ ಇದಕ್ಕೆ ಪೂರಕ ಚಟುವಟಿಕೆಯಾಗಿ 'ವರ್ಡಲ್' ಆಟವನ್ನು ಮೊಬೈಲ್ ಇಲ್ಲದೆ ಕಪ್ಪುಹಲಗೆಯ ಮೇಲೆ ಆಡಿಸಿದೆ.

ಜೋಶ್ ವಾರ್ಡಲ್ ಎಂಬವರು 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದ ಈ ಆನ್‌ಲೈನ್ ಆಟವನ್ನು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ದಿನಕ್ಕೆ ಒಂದೇ ಪದ, ಐದು ಅಕ್ಷರ, ಆರು ಪ್ರಯತ್ನ. ಅಕ್ಷರವೂ ಸ್ಥಾನವೂ ಸರಿಯಿದ್ದರೆ ಹಸಿರು, ಅಕ್ಷರ ಬೇರೆ ಸ್ಥಾನದಲ್ಲಿದ್ದರೆ ಹಳದಿ, ಇಲ್ಲದಿದ್ದರೆ ಬೂದು ಬಣ್ಣ.

ಕನ್ನಡಕ್ಕೆ ಮಾಡಿದ ಬದಲಾವಣೆ

ಮೊದಲ ತೊಡಕು ಅಕ್ಷರ ಎಂದರೆ ಯಾವುದು ಎಂಬುದು. 'ಘರ್ಷಣೆ' ಮಗುವಿಗೆ ಮೂರು ಅಕ್ಷರ: ಘ, ರ್ಷ, ಣೆ. ಕಂಪ್ಯೂಟರಿನ ಯುನಿಕೋಡ್‌ನಲ್ಲಿ ಅದು ಆರು ಸಂಕೇತ, ಏಕೆಂದರೆ ಅಲ್ಲಿ ವಿರಾಮ ಚಿಹ್ನೆಗೂ ಗುಣಿತ ಚಿಹ್ನೆಗೂ ಬೇರೆ ಬೇರೆ ಲೆಕ್ಕ. ಹೀಗೆಯೇ 'ಒತ್ತಡ' ಐದು, 'ಕಂಪನ' ನಾಲ್ಕು, 'ಆವೃತ್ತಿ' ಏಳು ಸಂಕೇತ. ಆದರೆ ಬಾಯಲ್ಲಿ ಬಿಡಿಸಿ ಹೇಳಿದರೆ ನಾಲ್ಕೂ ಮೂರಕ್ಷರದ ಪದಗಳೇ. ಆದ್ದರಿಂದ ಮನೆಗಳನ್ನು ಅಕ್ಷರಕ್ಕೆ ಒಂದರಂತೆ ಮೂರು ಹಾಕಿದೆ.

ಎರಡನೆಯ ತೊಡಕು ಕಾಗುಣಿತ. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ 34 ವ್ಯಂಜನಗಳ ಕಾಗುಣಿತವೇ 510 ರೂಪ, ಒತ್ತಕ್ಷರಗಳು ಬೇರೆ. ಆರು ಪ್ರಯತ್ನದಲ್ಲಿ ಅಕ್ಷರ ಪೂರ್ತಿ ಹೊಂದುವುದು ಕಷ್ಟ. ಅದಕ್ಕೆ ನಾಲ್ಕನೆಯ ಗುರುತು ಸೇರಿಸಿದೆ: ವ್ಯಂಜನ ಸರಿ, ಗುಣಿತ ಅಥವಾ ಒತ್ತು ತಪ್ಪಿದ್ದರೆ ಗುಲಾಬಿ ಸೀಮೆಸುಣ್ಣ. ಉತ್ತರ 'ಘರ್ಷಣೆ' ಇದ್ದಾಗ ಒಬ್ಬ ವಿದ್ಯಾರ್ಥಿ 'ಪೋಷಣೆ' ಎಂದ. 'ಣೆ' ಹಸಿರಾಯಿತು, 'ಷ' ಗುಲಾಬಿಯಾಯಿತು. "ಅಲ್ಲಿ ಏನೋ ಸೇರಬೇಕ್ರಿ ಸರ್" ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ಅರ್ಕಾವೊತ್ತನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ನಾನು ಮಾಡಿದ ತಪ್ಪು

ಅದೇ ಪದಕ್ಕೆ ನಾನು ಕೊಟ್ಟ ಮೊದಲ ಸುಳಿವು: 'ಎರಡು ವಸ್ತುಗಳನ್ನು ಉಜ್ಜಿದಾಗ ಉಂಟಾಗುವುದು'. ಒಬ್ಬ ಹುಡುಗಿ ತಕ್ಷಣ ಎದ್ದು, "ಕೈ ಉಜ್ಜಿದ್ರ ಬಿಸಿ ಆಕ್ಕೈತ್ರಿ ಸರ್" ಎಂದಳು. ನಾನು "ತಪ್ಪು, ಮನೆ ಮೂರಿವೆ ನೋಡು" ಎಂದು ಮುಂದೆ ಹೋದೆ. ಆ ಅವಧಿಯಲ್ಲಿ ಅವಳು ಮತ್ತೆ ಕೈ ಎತ್ತಲಿಲ್ಲ.

ಪಾಠದ ನಂತರ ಮಾರ್ಗದರ್ಶಕ ಉಪನ್ಯಾಸಕರು ಕೇಳಿದ ಪ್ರಶ್ನೆ ಒಂದೇ: ಅವಳ ಉತ್ತರದಲ್ಲಿ ವಿಜ್ಞಾನದ ತಪ್ಪು ಏನಿತ್ತು? ಏನೂ ಇರಲಿಲ್ಲ. ಅವಳ ಪದ ಮನೆಗಳಿಗೆ ಹೊಂದಲಿಲ್ಲ, ಅಷ್ಟೇ. ತಪ್ಪು ನನ್ನ ಸುಳಿವಿನದು. ಉತ್ತರ ಮೊದಲೇ ಗೊತ್ತಿದ್ದುದರಿಂದ ಸುಳಿವು ಬೇರೆಡೆಗೂ ಹೋಗುತ್ತದೆ ಎಂಬುದು ನನಗೆ ಕಂಡಿರಲಿಲ್ಲ. ಮರುದಿನ ಹಲಗೆಯ ಮೇಲೆ 'ನಿನ್ನೆಯ ಸುಳಿವಿಗೆ ಬಿಸಿ ಎಂಬುದೂ ಸರಿ. ಸುಳಿವು ತಿದ್ದಿದೆ' ಎಂದು ಬರೆದು ಅವಳಿಂದಲೇ ಓದಿಸಿದೆ. ಆ ವಾರದ ಕೊನೆಯ ಪದವನ್ನು ಬಿಡಿಸಿದವಳು ಅವಳೇ.

ತಿದ್ದಿದ ಸುಳಿವುಗಳು ಮತ್ತು ಉತ್ತರಗಳು

ಪ್ರತಿ ಪದಕ್ಕೂ ಎರಡು ಸುಳಿವು: ಒಂದು ಊರಿನ ಅನುಭವದಿಂದ, ಇನ್ನೊಂದು ವ್ಯಾಖ್ಯೆಯಿಂದ.

ಸೋಮವಾರ: ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಇದನ್ನು ತಗ್ಗಿಸಲು. / ತಾಗಿಕೊಂಡಿರುವ ಎರಡು ಮೇಲ್ಮೈಗಳ ನಡುವಿನ ಚಲನೆಯನ್ನು ವಿರೋಧಿಸುವ ಬಲ. ಉತ್ತರ: ಘರ್ಷಣೆ.

ಮಂಗಳವಾರ: ಮೊಂಡ ಕುಡಗೋಲಿಗಿಂತ ಹರಿತವಾದದ್ದು ಕಬ್ಬನ್ನು ಬೇಗ ಕಡಿಯಲು ಕಾರಣ ಇದರ ಹೆಚ್ಚಳ. / ಏಕಮಾನ ವಿಸ್ತೀರ್ಣದ ಮೇಲೆ ವರ್ತಿಸುವ ಬಲ. ಉತ್ತರ: ಒತ್ತಡ.

ಬುಧವಾರ: ಹಲಗಿ ಬಾರಿಸುವಾಗ ಅದರ ಚರ್ಮದ ಮೇಲೆ ಕಾಳು ಇಟ್ಟರೆ ಕುಣಿಯುವುದು ಇದರಿಂದ. / ವಸ್ತುವಿನ ಹಿಂದು ಮುಂದಿನ ಚಲನೆ, ಶಬ್ದದ ಮೂಲ. ಉತ್ತರ: ಕಂಪನ.

ಗುರುವಾರ: ಪುಸ್ತಕ ಮರುಮುದ್ರಣವಾದಾಗ ಅದರ ಮೇಲೂ ಈ ಪದ ಕಾಣುತ್ತದೆ. / ಒಂದು ಸೆಕೆಂಡಿನಲ್ಲಿ ನಡೆಯುವ ಆಂದೋಲನಗಳ ಸಂಖ್ಯೆ, ಏಕಮಾನ ಹರ್ಟ್ಸ್. ಉತ್ತರ: ಆವೃತ್ತಿ.

ಕಂಡುಕೊಂಡದ್ದು

ಮೊದಲ ದಿನ ಅವಸರದಲ್ಲಿ ನಾನೇ ಉತ್ತರ ಬರೆದುಬಿಟ್ಟೆ. ಮಕ್ಕಳು ಅದನ್ನು ನಕಲು ಮಾಡಿಕೊಂಡು ಪುಟ ತಿರುವಿದರು. ನಂತರ ಕ್ರಮ ಬದಲಿಸಿದೆ. ಎರಡು ಪ್ರಯತ್ನವಾಗುವವರೆಗೆ ಸುಳಿವಿಲ್ಲ; ಆಮೇಲೆ ಅನುಭವದ ಸುಳಿವು; ನಾಲ್ಕು ಪ್ರಯತ್ನ ಮುಗಿದ ಮೇಲೆ ವ್ಯಾಖ್ಯೆ; ಉತ್ತರ ಅವಧಿಯ ಕೊನೆಗೆ ಮಾತ್ರ. ಪತ್ರಿಕೆಯ ಪದಬಂಧದ ಉತ್ತರಕ್ಕೆ ಮರುದಿನದವರೆಗೆ ಕಾಯುವುದರಲ್ಲೂ ಇದೇ ಗುಣವಿದೆ. 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ತಮ್ಮ ಲೇಖನದಲ್ಲಿ 'ಸ್ಕ್ಯಾಫೋಲ್ಡಿಂಗ್' ಎಂದು ಕರೆದದ್ದನ್ನು ನಾವು ಪರೀಕ್ಷೆಗೆ ಓದಿದ್ದೇವೆ. ಮಗು ಏರಲು ಬೇಕಾದಷ್ಟೇ ಆಸರೆ ಎಂಬ ಅದರ ಅರ್ಥ ನನಗೆ ತಿಳಿದದ್ದು ಈ ನಾಲ್ಕು ಪದಗಳಿಂದ.

ಈ ಚಟುವಟಿಕೆ ಮಾಡುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಸೂಚನೆ: ಸುಳಿವನ್ನು ಪಾಠ ಯೋಜನೆಗೆ ಸೇರಿಸುವ ಮೊದಲು ಉತ್ತರ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಅವರು ಬೇರೆ ಪದ ಹೇಳಿ ಅದೂ ಸರಿಯಿದ್ದರೆ, ತಿದ್ದಬೇಕಾದದ್ದು ಅವರನ್ನಲ್ಲ, ಸುಳಿವನ್ನು.